ಅಗ್ಗವಾದರೆ ಕಾರಣ ಕೇಳಿ: ಮುಂಬಯಿಯಲ್ಲಿ ಮೊದಲ ಫ್ಲ್ಯಾಟ್ ಕೊಳ್ಳುವ ಹೊರನಾಡ ಕನ್ನಡಿಗರಿಗೆ

ಹೋದ ಮಳೆಗಾಲದಲ್ಲಿ ಅಕ್ಕನ ಮಗ ಫೋನ್ ಮಾಡಿದ. "ಮಾವ, ಡೊಂಬಿವಲಿ ಪೂರ್ವದಲ್ಲಿ 28 ಲಕ್ಷಕ್ಕೆ 1ಬಿಹೆಚ್‌ಕೆ ಸಿಗ್ತಾ ಇದೆ. ಹೊಸ ಬಿಲ್ಡಿಂಗು, ಲಿಫ್ಟೂ ಇದೆ. ನಾಳೆಯೊಳಗೆ ಟೋಕನ್ ಕೊಡಬೇಕಂತೆ."

"ಪಕ್ಕದ ರಸ್ತೆಯಲ್ಲಿ ಎಷ್ಟಿದೆ ಅಂತ ವಿಚಾರಿಸಿದ್ಯಾ?"

"ಅಲ್ಲಿ 45ರ ಮೇಲೆ ಹೇಳ್ತಾರೆ."

"ಹಾಗಾದ್ರೆ ಇದು ಯಾಕೆ ಇಷ್ಟು ಕಡಿಮೆ?"

ಅವನು ಕೇಳಿರಲಿಲ್ಲ. ಊರಿನಿಂದ ಬಂದು ಎಂಟು ವರ್ಷ ಬಾಡಿಗೆ ಮನೆಯಲ್ಲಿದ್ದು, ಹನ್ನೊಂದು ತಿಂಗಳಿಗೊಮ್ಮೆ ಪೆಟ್ಟಿಗೆ ಕಟ್ಟಿ ಸಾಕಾದವನಿಗೆ ಅಗ್ಗದ ಮನೆ ಕಂಡರೆ ಪ್ರಶ್ನೆ ಹೊಳೆಯುವುದಿಲ್ಲ. ನನಗೂ ಒಂದು ಕಾಲದಲ್ಲಿ ಹೊಳೆದಿರಲಿಲ್ಲ. ಅವನಿಗೆ ಅಂದು ರಾತ್ರಿ ಹೇಳಿದ್ದನ್ನೂ ಮುಂದಿನ ಏಳು ತಿಂಗಳು ಜೊತೆಗೆ ಓಡಾಡಿ ಮಾಡಿದ್ದನ್ನೂ ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮುಂಬಯಿ ಸುತ್ತಮುತ್ತ ಒಂದು ಮನೆ ಪಕ್ಕದ ಮನೆಗಿಂತ ಅಗ್ಗವಾಗಿದ್ದರೆ ಅದರ ಹಿಂದೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಕಾರಣ ಇರುತ್ತದೆ. ಸ್ಟೇಷನ್ ದೂರ, ಕಟ್ಟಡ ಹಳತು, ನೀರು ಕಡಿಮೆ, ಇಲ್ಲವೇ ಕಾಗದ ಸರಿ ಇಲ್ಲ. ಮೊದಲ ಮೂರರ ಜೊತೆ ಸಂಸಾರ ಮಾಡಬಹುದು. ನಮ್ಮಲ್ಲಿ ಸಾವಿರಾರು ಜನ ಮಾಡಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ನಾಲ್ಕನೆಯದರ ಜೊತೆ ಆಗುವುದಿಲ್ಲ. ಬಜೆಟ್ ಮನೆ ಹುಡುಕುವವರ ಮುಖ್ಯ ಕೆಲಸವೆಂದರೆ ಅಗ್ಗದ ಕಾರಣ ಈ ನಾಲ್ಕರಲ್ಲಿ ಯಾವುದು ಎಂದು ಪತ್ತೆ ಮಾಡುವುದು.

ಮೊದಲು ಊರಿನ ಲೆಕ್ಕ ಪಕ್ಕಕ್ಕಿಡಿ

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಆಸ್ತಿ ವ್ಯವಹಾರ ನೋಡಿದವರು ಇಲ್ಲಿ ಬಂದೊಡನೆ "ಖಾತಾ ಯಾರ ಹೆಸರಲ್ಲಿದೆ? ಇಸಿ (ಋಣಭಾರ ಪತ್ರ) ಕೊಡಿ" ಎನ್ನುತ್ತಾರೆ. ಬ್ರೋಕರ್ ಮುಖ ಮುಖ ನೋಡುತ್ತಾನೆ. ಮಹಾರಾಷ್ಟ್ರದಲ್ಲಿ ಫ್ಲ್ಯಾಟಿಗೆ ನಮ್ಮ ಕಡೆಯ ಅರ್ಥದ ಖಾತಾ ಇಲ್ಲ. ಒಡೆತನಕ್ಕೆ ಇಲ್ಲಿ ಎರಡು ಕಾಗದ ಮುಖ್ಯ. ಒಂದು, ನೋಂದಣಿಯಾದ ಅಗ್ರಿಮೆಂಟ್ ಫಾರ್ ಸೇಲ್. ಇನ್ನೊಂದು, ಕಟ್ಟಡದ ಫ್ಲ್ಯಾಟ್ ಮಾಲೀಕರ ಹೌಸಿಂಗ್ ಸೊಸೈಟಿ ತನ್ನ ಸದಸ್ಯರಿಗೆ ಕೊಡುವ ಶೇರ್ ಸರ್ಟಿಫಿಕೇಟ್.

ನಮ್ಮಲ್ಲಿ ಕರಾರು ಬೇರೆ, ಕ್ರಯಪತ್ರ ಬೇರೆ. ದೊಡ್ಡ ಮುದ್ರಾಂಕ ಶುಲ್ಕ ಬೀಳುವುದು ಕ್ರಯಪತ್ರಕ್ಕೆ. ಇಲ್ಲಿ ಅಗ್ರಿಮೆಂಟಿನ ಹೊತ್ತಿಗೇ ಪೂರ್ತಿ ಶುಲ್ಕ ಕಟ್ಟಿ ನೋಂದಾಯಿಸಬೇಕು. ನೋಂದಣಿ ಮುಗಿದ ಮೇಲೆ ಒಂದು ಪುಟದ ಸಾರಾಂಶ ಸಿಗುತ್ತದೆ, ಅದನ್ನು ಎಲ್ಲರೂ ಇಂಡೆಕ್ಸ್ ಟೂ ಎನ್ನುತ್ತಾರೆ. ಮರಾಠಿಯಲ್ಲಿರುವ ಆ ಪುಟದಲ್ಲಿ ಯಾರು ಯಾರಿಗೆ ಮಾರಿದರು, ಎಷ್ಟಕ್ಕೆ, ಸರ್ಕಾರಿ ದರದ ಪ್ರಕಾರ ಬೆಲೆ ಎಷ್ಟು, ವಿಸ್ತೀರ್ಣ ಎಷ್ಟು, ಶುಲ್ಕ ಎಷ್ಟು ಕಟ್ಟಿದರು ಎಲ್ಲವೂ ಇರುತ್ತದೆ. ದೇವನಾಗರಿ ಓದಲು ಬಾರದವರು ಪಕ್ಕದವರ ಹತ್ತಿರ ಒಂದು ಇಂಡೆಕ್ಸ್ ಟೂ ಓದಿಸಿಕೊಂಡು ಕಲಿಯಿರಿ, ಅರ್ಧ ಗಂಟೆಯ ಕೆಲಸ.

ಕಟ್ಟಡದ ಕೆಳಗಿನ ನೆಲಕ್ಕೆ ಪ್ರಾಪರ್ಟಿ ಕಾರ್ಡ್ ಇರುತ್ತದೆ. ಹಳ್ಳಿಯಾಗಿದ್ದು ಈಗ ಪೇಟೆಯಾದ ಕಡೆಗಳಲ್ಲಿ ಸಾತ್‌ಬಾರಾ, ಅಂದರೆ 7/12 ಉತಾರ. ಬೆಳಗಾವಿ, ಧಾರವಾಡದವರಿಗೆ ಉತಾರ ಹೊಸ ಮಾತಲ್ಲ, ಕರಾವಳಿಯವರು ಆರ್‌ಟಿಸಿಯ ಅಣ್ಣ ಎಂದುಕೊಳ್ಳಿ. ಇಸಿಯ ಬದಲು ಇಲ್ಲಿ ವಕೀಲರು 30 ವರ್ಷದ ದಾಖಲೆ ಹುಡುಕಿ ಸರ್ಚ್ ರಿಪೋರ್ಟ್ ಮಾಡಿಕೊಡುತ್ತಾರೆ. ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೇ ಎಂಬುದನ್ನು ಕೇಂದ್ರ ಸರ್ಕಾರದ ಸೆರ್ಸಾಯ್ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು.

ಕೈಯಲ್ಲಿ ನಿಜವಾಗಿ ಎಷ್ಟು ಹಣ ಬೇಕು

ಮನೆ ನೋಡುವ ಮೊದಲು ಇದನ್ನು ಹಾಳೆಯ ಮೇಲೆ ಬರೆಯಿರಿ. ಡೊಂಬಿವಲಿಯಲ್ಲಿ 45 ಲಕ್ಷದ ಮರುಮಾರಾಟದ ಮನೆ ಎಂದಿಟ್ಟುಕೊಳ್ಳೋಣ. ಬ್ಯಾಂಕುಗಳು 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ. 90ರಷ್ಟು, 30ರಿಂದ 75 ಲಕ್ಷದ ಸಾಲಕ್ಕೆ ಶೇ. 80ರಷ್ಟು ಮಾತ್ರ ಕೊಡಬಹುದು ಎಂಬುದು ರಿಸರ್ವ್ ಬ್ಯಾಂಕಿನ ಮಿತಿ. ಅಂದರೆ ಸಾಲ 36 ಲಕ್ಷ, ಕೈಯಿಂದ 9 ಲಕ್ಷ. ಹೆಚ್ಚಿನವರು ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ, ಆಮೇಲೆ ಊರಿಗೆ ಫೋನ್ ಮಾಡಿ ಅಮ್ಮನ ಬಳೆ ಕೇಳುತ್ತಾರೆ.

ಮೇಲಿನ ಖರ್ಚು ನೋಡಿ. ಮುದ್ರಾಂಕ ಶುಲ್ಕ ಮುಂಬಯಿ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ಶೇ. 6, ಠಾಣೆ, ಕಲ್ಯಾಣ, ಡೊಂಬಿವಲಿ ಕಡೆ ಶೇ. 7. ಹಾಗಾಗಿ 3.15 ಲಕ್ಷ. ನೋಂದಣಿ ಶುಲ್ಕ 30,000. ಬ್ರೋಕರ್ ಶೇ. 2 ಕೇಳುತ್ತಾರೆ, ಅದು 90,000. ಚೌಕಾಸಿ ಮಾಡಿದರೆ ಶೇ. 1ಕ್ಕೂ ಬರುತ್ತಾರೆ, ಆದರೆ ಮನೆ ಒಪ್ಪಿಗೆಯಾದ ಮೇಲೆ ಚೌಕಾಸಿ ನಡೆಯದು, ಮೊದಲ ಭೇಟಿಯಲ್ಲೇ ಮಾತಾಡಿ. ಸೊಸೈಟಿಯ ವರ್ಗಾವಣೆ ಮೊತ್ತ 25,000ದವರೆಗೆ. ಇಲ್ಲಿಗೇ 4.60 ಲಕ್ಷವಾಯಿತು. ವಕೀಲರು, ಬ್ಯಾಂಕಿನ ಪ್ರೊಸೆಸಿಂಗ್ ಫೀ, ಬಣ್ಣ, ಕಿಟಕಿಯ ಗ್ರಿಲ್ ಬೇರೆ. ಒಟ್ಟಿನಲ್ಲಿ 45 ಲಕ್ಷದ ಮನೆಗೆ ಕೈಯಲ್ಲಿ 14 ಲಕ್ಷ ಸಾಲದು, 15 ಇರಲಿ. ಮೇಲಿನ ಶುಲ್ಕಗಳಿಗೆ ಗೃಹಸಾಲ ಸಿಗುವುದಿಲ್ಲ. 36 ಲಕ್ಷಕ್ಕೆ ಶೇ. 8.5 ಬಡ್ಡಿ, 20 ವರ್ಷ ಹಿಡಿದರೆ ಕಂತು ತಿಂಗಳಿಗೆ ಸುಮಾರು 31,240 ರೂಪಾಯಿ.

ಮುದ್ರಾಂಕ ಶುಲ್ಕವನ್ನು ನಿಮ್ಮ ಖರೀದಿ ಬೆಲೆ ಮತ್ತು ಸರ್ಕಾರ ಪ್ರದೇಶವಾರು ಗೊತ್ತುಮಾಡುವ ರೆಡಿ ರೆಕ್ನರ್ ದರ ಇವೆರಡರಲ್ಲಿ ಹೆಚ್ಚಿನದರ ಮೇಲೆ ಲೆಕ್ಕ ಹಾಕುತ್ತಾರೆ. ಕೊಳ್ಳುವವರೆಲ್ಲರೂ ಹೆಂಗಸರಾಗಿದ್ದರೆ ಶೇ. 1 ರಿಯಾಯಿತಿ ಇದೆ. ಮೇಲಿನ ಉದಾಹರಣೆಯಲ್ಲಿ ಅದು 45,000 ರೂಪಾಯಿ. ಗಂಡ ಹೆಂಡತಿ ಜಂಟಿಯಾಗಿ ಕೊಂಡರೆ ಇಲ್ಲ. ಹೆಂಡತಿಗೆ ಸಂಬಳವಿದ್ದು ಸಾಲ ಅವರ ಹೆಸರಿಗೇ ಸಿಗುವುದಾದರೆ ಯೋಚಿಸಿ.

ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೇ ಹಂತದಲ್ಲಿ, ವರ್ಷಕ್ಕೆ 9 ಲಕ್ಷದೊಳಗಿನ ಆದಾಯದವರಿಗೆ, 35 ಲಕ್ಷದೊಳಗಿನ ಮನೆಗೆ, 25 ಲಕ್ಷದೊಳಗಿನ ಸಾಲಕ್ಕೆ, ಗರಿಷ್ಠ 1.80 ಲಕ್ಷ ಬಡ್ಡಿ ಸಹಾಯ ಐದು ಕಂತುಗಳಲ್ಲಿ ಬರುತ್ತದೆ. ನಮ್ಮವರು ಎಡವುವುದು ಅದರ ಒಂದು ಷರತ್ತಿನಲ್ಲಿ: ದೇಶದಲ್ಲಿ ಎಲ್ಲಿಯೂ ನಿಮ್ಮ ಕುಟುಂಬದ ಹೆಸರಿಗೆ ಪಕ್ಕಾ ಮನೆ ಇರಬಾರದು. ಊರಿನಲ್ಲಿ ಪಾಲುಪಟ್ಟಿಯಾಗಿ ಹಿರಿಯರ ಮನೆ ನಿಮ್ಮ ಹೆಸರಿಗೆ ಬಂದಿದ್ದರೆ, ಅದಕ್ಕೆ ಬೀಗ ಹಾಕಿ ಹತ್ತು ವರ್ಷವಾಗಿದ್ದರೂ, ಅರ್ಜಿಯಲ್ಲಿ ಸುಳ್ಳು ಬರೆಯಬೇಡಿ.

ಎಲ್ಲಿ ಹುಡುಕುವುದು

ಮಧ್ಯ ರೈಲ್ವೆಯಲ್ಲಿ ದಕ್ಷಿಣ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಿಂದ ಡೊಂಬಿವಲಿ 48 ಕಿಲೋಮೀಟರ್, ಕಲ್ಯಾಣ 54, ಬದ್ಲಾಪುರ 68. ಪಶ್ಚಿಮ ರೈಲ್ವೆಯಲ್ಲಿ ಚರ್ಚ್‌ಗೇಟ್‌ನಿಂದ ವಿರಾರ್ 60. ಬೆಲೆ ಇಳಿಯುವುದು ಈ ಅಂಕಿಗಳ ಜೊತೆಗೇ. ಆದರೆ ಕಿಲೋಮೀಟರಿಗಿಂತ ಮುಖ್ಯವಾದುದು ಗಾಡಿಗಳ ಸಂಖ್ಯೆ. ಕಲ್ಯಾಣದಲ್ಲಿ ಹಳಿ ಕಸಾರಾ ಕಡೆಗೂ ಕರ್ಜತ್ ಕಡೆಗೂ ಕವಲೊಡೆಯುತ್ತದೆ, ಅದರಾಚೆ ಲೋಕಲ್‌ಗಳು ಹಂಚಿಹೋಗುತ್ತವೆ. ಒಂದು ಗಾಡಿ ತಪ್ಪಿದರೆ ಡೊಂಬಿವಲಿಯವನು ಐದು ನಿಮಿಷ ಕಾಯುವ ಕಡೆ ಬದ್ಲಾಪುರದವನು ಇನ್ನೂ ಹೆಚ್ಚು ಕಾಯುತ್ತಾನೆ. ಮನೆ ಗೊತ್ತುಮಾಡುವ ಮೊದಲು ಆ ಸ್ಟೇಷನ್ನಿನಿಂದ ನಿಮ್ಮ ಆಫೀಸಿಗೆ ಒಂದು ವಾರ ಓಡಾಡಿ ನೋಡಿ. ಪರಿಚಯದವರ ಮನೆಯಲ್ಲಿ ಉಳಿದುಕೊಳ್ಳಿ, ಹೊರನಾಡಿನಲ್ಲಿ ನಮ್ಮವರ ಮನೆಯ ಬಾಗಿಲು ಅಷ್ಟಕ್ಕೆ ತೆರೆದೇ ಇರುತ್ತದೆ. ಬೆಳಗ್ಗೆ ಎಂಟಕ್ಕೆ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಆ ಊರು ನಿಮಗೆ ಆಗುತ್ತದೋ ಇಲ್ಲವೋ ಎಂಬುದು ಮೂರನೇ ದಿನಕ್ಕೆ ಗೊತ್ತಾಗುತ್ತದೆ.

ನವಿ ಮುಂಬಯಿಯ ಉಳ್ವೆ, ದ್ರೋಣಗಿರಿ ಕಡೆ ಈಗ ಎಲ್ಲರ ಕಣ್ಣು. ಮುಂಬಯಿಯಿಂದ ಸಮುದ್ರದ ಮೇಲೆ ಬರುವ ಅಟಲ್ ಸೇತು ತೆರೆದದ್ದೂ ಉರಣ್ ತನಕ ರೈಲು ಬಂದದ್ದೂ 2024ರ ಜನವರಿಯಲ್ಲಿ. ಅಲ್ಲಿ ನೆಲ ಸಿಡ್ಕೋದ, ಅಂದರೆ ನವಿ ಮುಂಬಯಿ ಕಟ್ಟಿದ ಸರ್ಕಾರಿ ಸಂಸ್ಥೆಯ, ಲೀಸಿನದು ಎಂಬುದನ್ನು ನೆನಪಿಡಿ. ಮರುಮಾರಾಟಕ್ಕೆ ಸಿಡ್ಕೋದ ಅನುಮತಿ, ವರ್ಗಾವಣೆ ಶುಲ್ಕ ಎಂದು ಒಂದು ಸುತ್ತು ಹೆಚ್ಚು ಇರುತ್ತದೆ.

ಹಳೆ ಮುಂಬಯಿಯಲ್ಲಿ, ಲಾಲ್‌ಬಾಗ್, ಗಿರ್‌ಗಾಂವ್ ಕಡೆ, ಕಡಿಮೆ ಬೆಲೆಗೆ ಖೋಲಿ ಇದೆ ಎಂದರೆ ಅದು ಪಾಗಡಿ ಆಗಿರಬಹುದು. ಪಾಗಡಿಯಲ್ಲಿ ನೀವು ಕೊಳ್ಳುವುದು ಬಾಡಿಗೆದಾರನ ಹಕ್ಕನ್ನು, ಮನೆಯನ್ನಲ್ಲ. ಗೃಹಸಾಲ ಸಿಗುವುದಿಲ್ಲ, ಮಾರುವಾಗ ಮಾಲೀಕನಿಗೆ ಪಾಲು ಕೊಡಬೇಕು. ಕೊಳೆಗೇರಿ ಪುನರ್ವಸತಿಯ ಕಟ್ಟಡಗಳಲ್ಲಿ ಉಚಿತವಾಗಿ ಸಿಕ್ಕ ಮನೆಗಳನ್ನು ನಿಗದಿತ ವರ್ಷ ಮುಗಿಯುವ ಮೊದಲು ಮಾರುವಂತಿಲ್ಲ. ಪವರ್ ಆಫ್ ಅಟಾರ್ನಿಯ ಮೇಲೆ ಕೊಡುತ್ತೇನೆ ಎನ್ನುವವರಿಂದ ದೂರವಿರಿ.

ರಾಜ್ಯ ಸರ್ಕಾರದ ವಸತಿ ಪ್ರಾಧಿಕಾರವಾದ ಮ್ಹಾಡಾ ಮನೆ ಹಂಚಲು ನಡೆಸುವ ಲಾಟರಿಯನ್ನು ನಮ್ಮವರು "ಅದು ಮರಾಠಿಗರಿಗೆ" ಎಂದು ಬಿಟ್ಟುಬಿಡುತ್ತಾರೆ, ಅದು ತಪ್ಪು. ಬೇಕಾದದ್ದು ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಾಗಿದ್ದಕ್ಕೆ ಡೊಮಿಸೈಲ್ ಪ್ರಮಾಣಪತ್ರ. ಮನೆಮಾತು ಯಾರೂ ಕೇಳುವುದಿಲ್ಲ. ಮಾಟುಂಗಾದಲ್ಲೋ ಕುರ್ಲಾದಲ್ಲೋ ಹೊಟೇಲಿನಲ್ಲಿ ದುಡಿದುಕೊಂಡು ರಾತ್ರಿಶಾಲೆಯಲ್ಲಿ ಓದಿದವರಿಗೆ ಶಾಲೆಯ ದಾಖಲೆ, ರೇಷನ್ ಕಾರ್ಡ್ ಸಾಕ್ಷಿಯಾಗುತ್ತದೆ. ಅದನ್ನು ಈಗಲೇ ಮಾಡಿಸಿಡಿ, ಲಾಟರಿ ಘೋಷಣೆಯಾದ ಮೇಲೆ ತಹಶೀಲ್ದಾರ್ ಕಚೇರಿಗೆ ಓಡಿದರೆ ಹೊತ್ತು ಮೀರಿರುತ್ತದೆ. ಲಾಟರಿಯಲ್ಲಿ ಬಂದ ಮನೆಯನ್ನು ಐದು ವರ್ಷ ಮಾರುವಂತಿಲ್ಲ. ಇರಲು ಕೊಳ್ಳುವವರಿಗೆ ಅದರಿಂದ ತೊಂದರೆಯಿಲ್ಲ.

ಮನೆ ನೋಡಲು ಹೋದಾಗ

ಅಳತೆಯ ಟೇಪ್ ಕಿಸೆಯಲ್ಲಿರಲಿ. ನಮ್ಮ ಹುಡುಗನಿಗೆ ಒಬ್ಬ ಬ್ರೋಕರ್ 620 ಅಡಿ ಎಂದಿದ್ದ. ನಾನು ಒಂದು ತುದಿ ಹಿಡಿದೆ, ಅವನ ಹೆಂಡತಿ ಇನ್ನೊಂದು. ಹಾಲ್, ಅಡುಗೆಮನೆ, ಕೋಣೆ, ಬಚ್ಚಲು, ಶೌಚಾಲಯ, ನಡುವಿನ ಓಣಿ ಎಲ್ಲ ಬರೆದು ಕೂಡಿಸಿದಾಗ 388. ಬ್ರೋಕರ್ ಹೇಳಿದ್ದು ಸೂಪರ್ ಬಿಲ್ಟಪ್, ಅಂದರೆ ಮೆಟ್ಟಿಲು, ಲಿಫ್ಟಿನ ಜಾಗದ ಪಾಲನ್ನೂ ಸೇರಿಸಿದ ಲೆಕ್ಕ. ಬಿಲ್ಡರ್‌ಗಳನ್ನು ನಿಯಂತ್ರಿಸುವ ರೇರಾ ಕಾಯ್ದೆಯ ಪ್ರಕಾರ ಮಾರಬೇಕಾದದ್ದು ಕಾರ್ಪೆಟ್ ಏರಿಯಾದ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ಜಾಗದ, ಮೇಲೆ. ಒಳಗೋಡೆಗಳು ಅದರಲ್ಲಿ ಸೇರುತ್ತವೆ, ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ. ಎರಡು ಮನೆಗಳ ಬೆಲೆ ಹೋಲಿಸುವುದಾದರೆ ಕಾರ್ಪೆಟ್ ಅಡಿಗೆ ಎಷ್ಟು ಎಂದೇ ಹೋಲಿಸಿ. ದಾಖಲೆಯಲ್ಲಿ ಚದರ ಮೀಟರ್ ಇರುತ್ತದೆ, 10.764ರಿಂದ ಗುಣಿಸಿದರೆ ಚದರ ಅಡಿ.

ಮನೆ ನೋಡಲು ಜುಲೈಗಿಂತ ಒಳ್ಳೆಯ ತಿಂಗಳಿಲ್ಲ. ಮಳೆಯ ನಾಲ್ಕನೇ ದಿನ ಪಶ್ಚಿಮದ ಗೋಡೆಗೆ ಅಂಗೈ ಒತ್ತಿ. ತಂಪು ಬೇರೆ, ಒದ್ದೆ ಬೇರೆ, ಕೈಗೆ ಗೊತ್ತಾಗುತ್ತದೆ. ಬಚ್ಚಲಿನ ಸೀಲಿಂಗಿನಲ್ಲಿ ಕಂದು ಉಂಗುರಗಳಿದ್ದರೆ ಮೇಲಿನ ಮನೆಯ ನೀರು ಇಳಿಯುತ್ತಿದೆ. ಮಳೆಗಾಲದಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಯಾಕೆಂದು ಕೇಳಿ.

ಕೆಳಗಿಳಿದ ಮೇಲೆ ಸೊಸೈಟಿಯ ನೋಟಿಸ್ ಬೋರ್ಡಿನ ಮುಂದೆ ಹತ್ತು ನಿಮಿಷ ನಿಲ್ಲಿ. ನನ್ನ ಮಟ್ಟಿಗೆ ಮನೆ ನೋಡುವುದಕ್ಕಿಂತ ಇದು ದೊಡ್ಡದು. ನೀರು ಬಿಡುವ ಸಮಯ, ಟ್ಯಾಂಕರಿಗೆ ಹೆಚ್ಚುವರಿ ವಂತಿಗೆ, ಮೇಂಟೆನನ್ಸ್ ಬಾಕಿ ಇಟ್ಟವರ ಪಟ್ಟಿ, ಜನರಲ್ ಬಾಡಿ ಸಭೆಯ ವಿಷಯಗಳು ಅಲ್ಲಿರುತ್ತವೆ. "ಕನ್ವೇಯನ್ಸ್ ಕುರಿತು" ಎಂದು ಸಭೆಯ ನೋಟಿಸಿನಲ್ಲಿ ಕಂಡರೆ ಕಟ್ಟಡದ ನೆಲವನ್ನು ಇನ್ನೂ ಸೊಸೈಟಿಯ ಹೆಸರಿಗೆ ಬರೆದುಕೊಟ್ಟಿಲ್ಲದಿರಬಹುದು, ವಿಚಾರಿಸಿ. ವಾಚ್‌ಮನ್‌ಗೆ ಒಂದು ಕಟಿಂಗ್ ಚಹಾ ಕೊಡಿಸಿ ನೀರಿನ ವಿಷಯ ಕೇಳಿ. ಬ್ರೋಕರ್ ಹೇಳದ್ದನ್ನು ಅವನು ಹೇಳುತ್ತಾನೆ.

ಕಾಗದ

ಇಲ್ಲಿ ಆತುರ ಬೇಡ. ಅಕ್ಕನ ಮಗನ 28 ಲಕ್ಷದ ಮನೆಯ ವಿಷಯಕ್ಕೆ ಬರುತ್ತೇನೆ.

ಆ ಕಟ್ಟಡ ಇದ್ದದ್ದು ಕಲ್ಯಾಣ-ಡೊಂಬಿವಲಿ ಪಾಲಿಕೆಗೆ ಸೇರಿ, ಹೊರಬಂದು, 2015ರಲ್ಲಿ ಮತ್ತೆ ಸೇರಿದ 27 ಹಳ್ಳಿಗಳ ಪೈಕಿ ಒಂದರಲ್ಲಿ. ಮಾರುವವರು ತೋರಿಸಿದ್ದು ಗ್ರಾಮ ಪಂಚಾಯಿತಿಯ ಹಳೆ ಪತ್ರ, ಮನೆತೆರಿಗೆಯ ರಸೀದಿ, ಲೈಟ್ ಬಿಲ್. ಇವು ಮೂರೂ ಕಟ್ಟಡಕ್ಕೆ ಅನುಮತಿಯಲ್ಲ. ಬೆಂಗಳೂರಿನ ಅಂಚಿನಲ್ಲಿ ಪಂಚಾಯಿತಿ ಖಾತೆ ತೋರಿಸಿ ಸೈಟು ಮಾರುವ ಹಾಗೆಯೇ ಇದು. ಅಕ್ರಮ ಕಟ್ಟಡಕ್ಕೂ ಪಾಲಿಕೆ ತೆರಿಗೆ ವಸೂಲು ಮಾಡುತ್ತದೆ, ವಿದ್ಯುತ್ತೂ ಬರುತ್ತದೆ.

ನೋಡಬೇಕಾದದ್ದು ಎರಡು: ಕಟ್ಟಲು ಶುರು ಮಾಡುವಾಗಿನ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್, ಮುಗಿದ ಮೇಲಿನ ಆಕ್ಯುಪೇಷನ್ ಸರ್ಟಿಫಿಕೇಟ್. ಜನ ಸಿಸಿ, ಓಸಿ ಎನ್ನುತ್ತಾರೆ. ಓಸಿ ಇಲ್ಲದ ಮನೆಯಲ್ಲಿ ಹತ್ತು ವರ್ಷದಿಂದ ಜನ ಇದ್ದಾರೆ ಎಂಬುದು ಉತ್ತರವಲ್ಲ. ನೀರಿಗೆ ದುಪ್ಪಟ್ಟು ದರ, ಸಾಲಕ್ಕೆ ಅಡ್ಡಿ, ಮುಂದೆ ಮಾರುವಾಗ ಬೆಲೆ ಇಳಿತ ಎಲ್ಲವೂ ಅದರಿಂದ ಬರುತ್ತದೆ.

"ರೇರಾ ನಂಬರ್ ಇದೆ, ಬ್ಯಾಂಕೂ ಸಾಲ ಕೊಡುತ್ತದೆ" ಎಂದರೆ ಸಾಕೇ? ಸಾಲದು. ಬಿಲ್ಡರ್‌ಗಳು ಪಾಲಿಕೆಯ ನಕಲಿ ಅನುಮತಿಪತ್ರ ಸೃಷ್ಟಿಸಿ, ಅದನ್ನೇ ಸಲ್ಲಿಸಿ ರೇರಾ ನಂಬರ್ ಪಡೆದದ್ದು ಬಯಲಾಗಿ, 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಕಲ್ಯಾಣ-ಡೊಂಬಿವಲಿಯ 65 ಕಟ್ಟಡಗಳನ್ನು ಕೆಡವಲು ಆದೇಶಿಸಿತು. ಅಲ್ಲಿದ್ದವರಲ್ಲಿ ಹಲವರು ಬ್ಯಾಂಕ್ ಸಾಲ ಪಡೆದೇ ಮನೆ ಕೊಂಡಿದ್ದರು. ಅವರು ಮಾಡದೆ ಬಿಟ್ಟ ಕೆಲಸ ಒಂದೇ, ಅದನ್ನು ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲೂ ಇಲ್ಲ: ಅನುಮತಿಪತ್ರದ ಮೇಲಿನ ನಂಬರನ್ನು ಪಾಲಿಕೆಯ ನಗರರಚನಾ ವಿಭಾಗದಲ್ಲೇ ತಾಳೆ ನೋಡುವುದು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಅಷ್ಟು ದಿನ ಕಾಯಲು ಮಾರುವವನು ಒಪ್ಪದಿದ್ದರೆ ಮಾರುವವನನ್ನು ಬಿಡಿ.

ನಾವು ಪರಿಚಯದ ಆರ್ಕಿಟೆಕ್ಟ್ ಒಬ್ಬರ ಮೂಲಕ ವಿಚಾರಿಸಿದೆವು. ಆ ಸರ್ವೆ ನಂಬರಿನಲ್ಲಿ ಅನುಮತಿಯೇ ಇರಲಿಲ್ಲ. ಹುಡುಗ ಎರಡು ದಿನ ಮಾತಾಡಲಿಲ್ಲ. ಮನೆಯ ಬಾಲ್ಕನಿಯಲ್ಲಿ ತುಳಸಿ ಎಲ್ಲಿಡುವುದೆಂದು ಅವನ ಹೆಂಡತಿ ಆಗಲೇ ನೋಡಿಟ್ಟಿದ್ದಳು.

ಮರುಮಾರಾಟದ ಮನೆಗೆ ಇನ್ನೊಂದು ಸರಪಳಿ ಇದೆ. ಬಿಲ್ಡರ್ ಮೊದಲನೆಯವರಿಗೆ ಮಾರಿದ ಅಗ್ರಿಮೆಂಟ್‌ನಿಂದ ಹಿಡಿದು ಈಗಿನವರ ತನಕ ಪ್ರತಿಯೊಂದು ಕೈ ಬದಲಾವಣೆಯ ಮೂಲ ಅಗ್ರಿಮೆಂಟೂ ಇರಬೇಕು. ನಡುವಿನ ಒಂದು ಕಳೆದಿದ್ದರೆ ಪೊಲೀಸ್ ದೂರು, ಪತ್ರಿಕೆಯಲ್ಲಿ ಪ್ರಕಟಣೆ, ನೋಂದಣಿ ಕಚೇರಿಯ ದೃಢೀಕೃತ ಪ್ರತಿ ಬೇಕು, ಅದನ್ನು ಮಾಡಿಸಬೇಕಾದವರು ಮಾರುವವರು. ಹಳೆಯ ಅಗ್ರಿಮೆಂಟಿಗೆ ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿದ್ದರೆ ಬಾಕಿಯೂ ದಂಡವೂ ನಿಮ್ಮ ತಲೆಗೆ ಬಂದೀತು. ಬೆಲೆ ಒಪ್ಪುವ ಮೊದಲೇ ಅದು ಯಾರದು ಎಂದು ಬರೆಸಿಕೊಳ್ಳಿ.

ನನ್ನದೇ ಅನುಭವ ಹೇಳಬೇಕು. ನಾನು ಮೊದಲು ಒಪ್ಪಿದ ಮನೆ ತೀರಿಹೋದ ಒಬ್ಬ ಹಿರಿಯರದ್ದು. ಕಿರಿಯ ಮಗ ನಾಮಿನಿ, ಶೇರ್ ಸರ್ಟಿಫಿಕೇಟಿನಲ್ಲಿ ಹೆಸರೂ ಬಂದಿತ್ತು. ಬ್ರೋಕರ್ "ಎಲ್ಲ ಕ್ಲಿಯರ್" ಎಂದ. ಒಂದು ಲಕ್ಷ ಟೋಕನ್ ಕೊಟ್ಟೆ, ಒಂದು ತುಂಡು ಕಾಗದದ ಮೇಲೆ ರಸೀದಿ. ಎರಡು ವಾರದ ನಂತರ ವಕೀಲರು ಒಂದೇ ಪ್ರಶ್ನೆ ಕೇಳಿದರು: "ಹಿರಿಯರಿಗೆ ಹೆಣ್ಣುಮಕ್ಕಳಿಲ್ಲವೇ?" ಇಬ್ಬರಿದ್ದರು. ನಾಮಿನಿ ಎಂದರೆ ಮಾಲೀಕನಲ್ಲ, ವಾರಸುದಾರರೆಲ್ಲರ ಪರವಾಗಿ ಹಿಡಿದುಕೊಂಡವನು ಮಾತ್ರ. ಉಳಿದ ವಾರಸುದಾರರು ನೋಂದಾಯಿತ ರಿಲೀಸ್ ಡೀಡ್ (ಹಕ್ಕು ಬಿಟ್ಟುಕೊಡುವ ಪತ್ರ) ಬರೆದುಕೊಡದೆ ಅವನು ಪೂರ್ತಿ ಮನೆ ಮಾರುವಂತಿಲ್ಲ. ಅಕ್ಕಂದಿರು ಸಹಿ ಹಾಕಲು ಒಪ್ಪಲಿಲ್ಲ. ನನ್ನ ಒಂದು ಲಕ್ಷ ಮರಳಿ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಆ ಹದಿನಾಲ್ಕು ತಿಂಗಳು ಬಾಡಿಗೆ ಕಟ್ಟಲು ಹೆಂಡತಿ ಟ್ಯೂಷನ್ ಹೇಳಿದ್ದಾಳೆ. ಅದಕ್ಕೇ ಈ ಪ್ರಶ್ನೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ: ಮನೆ ವಾರಸಾಗಿ ಬಂದದ್ದಾದರೆ, ಮನೆಯಲ್ಲಿ ಮಕ್ಕಳೆಷ್ಟು ಎಂದು ಕೇಳಿ.

ಕಟ್ಟಡಕ್ಕೆ 30 ವರ್ಷ ದಾಟಿದ್ದರೆ ಅದು ಎಷ್ಟು ಗಟ್ಟಿಯಿದೆ ಎಂದು ಹೇಳುವ ಸ್ಟ್ರಕ್ಚರಲ್ ಆಡಿಟ್ ವರದಿ ಕೇಳಿ. ಬ್ಯಾಂಕೂ ಕಟ್ಟಡದ ಉಳಿದ ಆಯುಸ್ಸು ನೋಡಿಯೇ ಸಾಲದ ಅವಧಿ ಗೊತ್ತುಮಾಡುತ್ತದೆ. ಅವಧಿ ಕಡಿಮೆಯಾದರೆ ಕಂತು ಏರುತ್ತದೆ. "ಬೇಗನೆ ರಿಡೆವಲಪ್‌ಮೆಂಟ್ ಆಗುತ್ತದೆ, ಹೊಸ ಮನೆ ಸಿಗುತ್ತದೆ" ಎಂಬ ಮಾತಿಗೆ ಒಂದು ರೂಪಾಯಿ ಹೆಚ್ಚು ಕೊಡಬೇಡಿ. ನೆಲ ಸೊಸೈಟಿಯ ಹೆಸರಿಗೆ ಕನ್ವೇಯನ್ಸ್ ಆಗದೆ ಅದು ಮುಂದೆ ಹೋಗುವುದು ಕಷ್ಟ.

ಕಟ್ಟುತ್ತಿರುವ ಕಟ್ಟಡವಾದರೆ

ಮಹಾರೇರಾ ಜಾಲತಾಣದಲ್ಲಿ ಪ್ರಾಜೆಕ್ಟ್ ತೆರೆದು ಮುಗಿಸುವ ದಿನಾಂಕ ಎಷ್ಟು ಬಾರಿ ಮುಂದೆ ಹೋಗಿದೆ, ಕೋರ್ಟ್ ಕೇಸು, ಜಮೀನಿನ ಮೇಲೆ ಸಾಲ ಏನಿದೆ ನೋಡಿ. ಅಗ್ರಿಮೆಂಟ್ ನೋಂದಣಿಯಾಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂಬುದು ಕಾಯ್ದೆ. ಕೇಳಿದರೆ ಕೊಡಬೇಡಿ. 60 ಚದರ ಮೀಟರ್ ಕಾರ್ಪೆಟ್ ಮತ್ತು 45 ಲಕ್ಷ ಎರಡರ ಒಳಗೂ ಇರುವ ಮನೆಗೆ ಜಿಎಸ್‌ಟಿ ಶೇ. 1, ಅದರ ಮೇಲಿನದಕ್ಕೆ ಶೇ. 5. ಓಸಿ ಬಂದ ಮೇಲೆ ಕೊಂಡರೆ ಜಿಎಸ್‌ಟಿಯೇ ಇಲ್ಲ. ಬಾಡಿಗೆಯನ್ನೂ ಕಂತನ್ನೂ ಒಟ್ಟಿಗೆ ಹೊರಲಾರದವರು ಓಸಿ ಬಂದ ಮನೆಯನ್ನೇ ನೋಡುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಟೋಕನ್‌ನಿಂದ ನೋಂದಣಿಯ ತನಕ

ಟೋಕನ್ ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಕೊಡಿ. ರಸೀದಿಯಲ್ಲಿ ಈ ಮಾತು ಇರಲೇಬೇಕು: ಕಾಗದಪತ್ರ ಸರಿಯಿಲ್ಲವೆಂದು ವಕೀಲರು ಹೇಳಿದರೆ ಅಥವಾ ಮನೆಯ ಕಾರಣಕ್ಕೆ ಬ್ಯಾಂಕ್ ಸಾಲ ನಿರಾಕರಿಸಿದರೆ ಹಣ ಇಷ್ಟು ದಿನದೊಳಗೆ ವಾಪಸ್. ನನ್ನ ಆ ತುಂಡು ಕಾಗದದಲ್ಲಿ ಇರದಿದ್ದದ್ದು ಈ ಒಂದು ಸಾಲು.

"ಐದು ಲಕ್ಷ ಕ್ಯಾಶ್ ಕೊಡಿ, ಅಗ್ರಿಮೆಂಟಿನಲ್ಲಿ ಬೆಲೆ ಇಳಿಸೋಣ" ಎಂಬ ಮಾತು ಬಂದೇ ಬರುತ್ತದೆ. ಬೇಡ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾಯ್ದೆಗೆ ವಿರುದ್ಧ. ಅದಿರಲಿ, ಬೆಲೆ ಇಳಿದರೆ ನಿಮ್ಮ ಸಾಲವೂ ಇಳಿಯುತ್ತದೆ, ವ್ಯವಹಾರ ಮುರಿದರೆ ಆ ಐದು ಲಕ್ಷಕ್ಕೆ ಸಾಕ್ಷಿಯೇ ಇರುವುದಿಲ್ಲ.

ಮಾರುವವರ ಮೇಲೆ ಹಳೆ ಸಾಲವಿದ್ದರೆ ಹೆದರಬೇಡಿ. ಅವರ ಬ್ಯಾಂಕಿನಿಂದ ಬಾಕಿ ಮೊತ್ತದ ಪತ್ರ ಮತ್ತು ಅಲ್ಲಿರುವ ಮೂಲ ಕಾಗದಗಳ ಪಟ್ಟಿ ತರಿಸಿ. ನಿಮ್ಮ ಬ್ಯಾಂಕು ಬಾಕಿಯನ್ನು ನೇರ ಆ ಬ್ಯಾಂಕಿಗೇ ಕಟ್ಟಿ, ಉಳಿದದ್ದನ್ನು ಮಾರುವವರಿಗೆ ಕೊಡುತ್ತದೆ. ಬೆಲೆ 50 ಲಕ್ಷ ಮುಟ್ಟಿದರೆ ಶೇ. 1 ಟಿಡಿಎಸ್, ಅಂದರೆ ಮಾರುವವರ ಲೆಕ್ಕದ ತೆರಿಗೆ, ಹಿಡಿದು ಸರ್ಕಾರಕ್ಕೆ ಕಟ್ಟುವ ಜವಾಬ್ದಾರಿ ಕೊಳ್ಳುವವರದು.

ನೋಂದಣಿ ಕಚೇರಿಯ ಬೋರ್ಡಿನ ಮೇಲೆ "ದುಯ್ಯಮ್ ನಿಬಂಧಕ" ಎಂದಿರುತ್ತದೆ, ಅದೇ ನಮ್ಮ ಉಪನೋಂದಣಾಧಿಕಾರಿ. ಆಧಾರ್‌ನಲ್ಲಿ ಕರ್ನಾಟಕದ ವಿಳಾಸವಿದ್ದರೆ ತೊಂದರೆಯಿಲ್ಲ. ಆಧಾರ್, ಪ್ಯಾನ್, ಅಗ್ರಿಮೆಂಟ್ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ನಮ್ಮವರ ಇನಿಷಿಯಲ್ ಇಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಎಂದು ಗೊತ್ತಾಗದೆ ಒಬ್ಬನೇ ಮನುಷ್ಯ ಮೂರು ದಾಖಲೆಯಲ್ಲಿ ಮೂವರಾಗಿರುತ್ತಾನೆ. ಸಹಿ ಮಾಡಿದ ನಾಲ್ಕು ತಿಂಗಳೊಳಗೆ ನೋಂದಣಿ ಆಗಬೇಕು. ಕಂಪ್ಯೂಟರಿನಲ್ಲಿ ತೋರಿಸುವ ವಿವರವನ್ನು ಹೆಬ್ಬೆಟ್ಟು ಒತ್ತುವ ಮೊದಲೇ ಓದಿ, ಫ್ಲ್ಯಾಟ್ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ತಿದ್ದುಪಡಿ ಪತ್ರಕ್ಕೆ ಮತ್ತೆ ಎಲ್ಲರೂ ಬರಬೇಕು.

ವಿದೇಶದಲ್ಲಿರುವವರ ಮಾತು

ಮುಂಬಯಿಯಲ್ಲಿ ನಮ್ಮವರ ಎಷ್ಟೋ ಹಳೆ ಫ್ಲ್ಯಾಟುಗಳ ಮಾಲೀಕರು ಈಗ ದುಬೈ, ಮಸ್ಕತ್‌ನಲ್ಲಿದ್ದಾರೆ. ಮಾರುವವರು ಅನಿವಾಸಿಯಾಗಿದ್ದರೆ ಟಿಡಿಎಸ್ ಶೇ. 1 ಅಲ್ಲ, ಅದಕ್ಕಿಂತ ತುಂಬ ಹೆಚ್ಚು. 50 ಲಕ್ಷದ ಮಿತಿಯೂ ಅನ್ವಯಿಸದು. ಹಿಡಿಯದೆ ಬಿಟ್ಟರೆ ತೆರಿಗೆ ಇಲಾಖೆ ಹಿಡಿಯುವುದು ನಿಮ್ಮನ್ನು. ಮೊದಲ ದಿನವೇ ಅವರ ವಾಸದ ಸ್ಥಿತಿ ಕೇಳಿ, ಲೆಕ್ಕಪರಿಶೋಧಕರ ಸಲಹೆ ಪಡೆಯಿರಿ. ಅವರ ಪರವಾಗಿ ಸಹಿ ಹಾಕುವವರ ಪವರ್ ಆಫ್ ಅಟಾರ್ನಿಯಲ್ಲಿ ಈ ಮನೆಯನ್ನು ಮಾರುವ, ಹಣ ಪಡೆಯುವ ಅಧಿಕಾರ ಸ್ಪಷ್ಟವಾಗಿ ಬರೆದಿರಬೇಕು, ಕೊಟ್ಟವರು ಬದುಕಿರಬೇಕು. ಒಂದು ವಿಡಿಯೋ ಕಾಲ್ ಮಾಡಿ ಅವರ ಬಾಯಲ್ಲೇ ಕೇಳಿ.

ಅನಿವಾಸಿ ಭಾರತೀಯರೂ ವಿದೇಶಿ ಪೌರತ್ವ ಪಡೆದು ಓಸಿಐ ಕಾರ್ಡ್ ಇರುವವರೂ ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ಇಲ್ಲಿ ಫ್ಲ್ಯಾಟ್ ಕೊಳ್ಳಬಹುದು. ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಣ ಎನ್‌ಆರ್‌ಇ ಅಥವಾ ಎನ್‌ಆರ್‌ಓ ಖಾತೆಯಿಂದಲೋ ವಿದೇಶದಿಂದ ಬ್ಯಾಂಕಿನ ಮೂಲಕವೋ ಬರಬೇಕು.

ಸೊಸೈಟಿ

ನೋಂದಣಿಯಾದ ಮೇಲೆ ಇಂಡೆಕ್ಸ್ ಟೂ, ಅಗ್ರಿಮೆಂಟ್ ಪ್ರತಿ, ಹಳೆ ಶೇರ್ ಸರ್ಟಿಫಿಕೇಟ್ ಸೇರಿಸಿ ಸದಸ್ಯತ್ವದ ಅರ್ಜಿ ಕೊಡಿ, ಪ್ರತಿಯ ಮೇಲೆ ಸೆಕ್ರೆಟರಿಯ ಸಹಿ, ತಾರೀಖು ಹಾಕಿಸಿಕೊಳ್ಳಿ. ಮೂರು ತಿಂಗಳೊಳಗೆ ನಿರ್ಧಾರ ತಿಳಿಸಬೇಕು. ಪಾಲಿಕೆ ಪ್ರದೇಶದಲ್ಲಿ ವರ್ಗಾವಣೆ ಮೊತ್ತ 25,000 ರೂಪಾಯಿ ಮೀರಬಾರದು ಎಂದು ರಾಜ್ಯ ಸರ್ಕಾರದ 2001ರ ಸುತ್ತೋಲೆ ಹೇಳುತ್ತದೆ. "ಬಿಲ್ಡಿಂಗ್ ಫಂಡ್", "ಸ್ವಖುಷಿಯ ದೇಣಿಗೆ" ಎಂದು ಅದರ ಮೇಲೆ ಕೇಳಿದರೆ ಬರಹದಲ್ಲಿ ಕೊಡಿ ಎನ್ನಿ, ಸಾಮಾನ್ಯವಾಗಿ ಬರಹ ಬರುವುದಿಲ್ಲ. ಆದರೆ ಜಗಳಕ್ಕಿಳಿಯಬೇಡಿ. ನಾಳೆ ಬಚ್ಚಲು ಸೋರಿದಾಗ ಅದೇ ಸೆಕ್ರೆಟರಿಯ ಮನೆಗೆ ಹೋಗಬೇಕು. ನಾಲ್ಕು ಮಾತು ಮರಾಠಿಯಲ್ಲಿ ಆಡಿ, ಸಾರ್ವಜನಿಕ ಗಣೇಶನ ವಂತಿಗೆ ಮೊದಲ ವರ್ಷವೇ ಕೊಡಿ.

ಶೇರ್ ಸರ್ಟಿಫಿಕೇಟಿನ ಹಿಂಬದಿಯಲ್ಲಿ ನಿಮ್ಮ ಹೆಸರು, ತಾರೀಖು, ಮೂವರ ಸಹಿ, ಸೊಸೈಟಿಯ ಸೀಲು ಬಂದಮೇಲೆ ಲೈಟ್ ಬಿಲ್, ಮನೆತೆರಿಗೆ, ಗ್ಯಾಸ್ ಕನೆಕ್ಷನ್ ಒಂದೊಂದಾಗಿ ಹೆಸರಿಗೆ ಮಾಡಿಸಿ. ನಾಮಿನೇಷನ್ ಫಾರ್ಮ್ ಅಂದೇ ತುಂಬಿ ಕೊಡಿ, ಒಂದು ಪ್ರತಿ ಊರಿನ ಮನೆಯಲ್ಲೂ ಇರಲಿ.

ಅಕ್ಕನ ಮಗ ಕೊನೆಗೆ ಕೊಂಡದ್ದು 1994ರ ಕಟ್ಟಡದಲ್ಲಿ ಮೂರನೇ ಮಹಡಿ, ಸ್ಟೇಷನ್ನಿಂದ ನಡೆದು ಹದಿನೆಂಟು ನಿಮಿಷ, ಲಿಫ್ಟ್ ಇಲ್ಲ. ಕಾರ್ಪೆಟ್ 402 ಅಡಿ. ಓಸಿ ಇದೆ, ಕನ್ವೇಯನ್ಸ್ ಆಗಿದೆ, ನೀರು ಬೆಳಗ್ಗೆ ಒಂದೂವರೆ ಗಂಟೆ. ಅಗ್ಗದ ಕಾರಣ ಕೇಳಿದಾಗ ಮಾರುವ ಅಜ್ಜಿ ತನ್ನ ಮಂಡಿ ತೋರಿಸಿ, "ಮೆಟ್ಟಿಲು ಹತ್ತಲು ಆಗುವುದಿಲ್ಲ ಮಗಾ" ಎಂದರು. ಮರುದಿನ ಬೆಳಗ್ಗೆ ನಾವು ಟೋಕನ್ ಚೆಕ್ ಬರೆದೆವು, ರಸೀದಿಯಲ್ಲಿ ಆ ಸಾಲೂ ಇತ್ತು.